ರಿಸೀವರ್ ಎತ್ತಿದಾಗ ಮಾತ್ರ ಕೇಳುವ ಮನೆ

ಮಾತು ಮುಗಿಯುವ ಹೊತ್ತಿಗೆ ನಾವು ಇಂದಿಗೂ "ಸರಿ, ಇಡುತ್ತೇನೆ" ಎನ್ನುತ್ತೇವೆ. ಮೊಬೈಲಿನಲ್ಲಿ ಇಡುವಂಥದ್ದು ಏನೂ ಇಲ್ಲ, ಗಾಜಿನ ಮೇಲೆ ಬೆರಳು ತಾಗಿಸಿದರೆ ಕರೆ ಮುಗಿಯುತ್ತದೆ. ಆದರೂ ಆ ಮಾತು ನಮ್ಮ ಬಾಯಲ್ಲಿ ಉಳಿದಿದೆ. ಈ ಮೇಜಿನ ಮೇಲಿರುವ ಕಪ್ಪು ಫೋನಿನಲ್ಲಿ ಅದಕ್ಕೆ ನಿಜವಾದ ಅರ್ಥವಿದೆ. ನೋಡಿ, ರಿಸೀವರನ್ನು ಎತ್ತುತ್ತಿದ್ದೇನೆ. ಅದರ ಭಾರಕ್ಕೆ ತಗ್ಗಿದ್ದ ಎರಡು ಗುಂಡಿಗಳು ಮೇಲೆ ಬಂದವು. ಒಳಗೆ ಲೋಹದ ಪಟ್ಟಿಗಳು ಒಂದಕ್ಕೊಂದು ತಾಗಿದವು, ಮೈಕ್ರೋಫೋನಿಗೆ ವಿದ್ಯುತ್ ಹರಿಯಿತು. ಈಗ ಇಟ್ಟೆ. ಪಟ್ಟಿಗಳು ಬೇರೆಯಾದವು. ಈ ಕ್ಷಣದಲ್ಲಿ ಈ ಫೋನಿಗೆ ಕಿವಿಯೇ ಇಲ್ಲ. ಕೇಳಬೇಡ ಎಂದು ಯಾವ ತಂತ್ರಾಂಶವೂ ಅದಕ್ಕೆ ಹೇಳಬೇಕಾಗಿಲ್ಲ. ಕೇಳಲು ಬೇಕಾದ ವಿದ್ಯುತ್ತೇ ಅದಕ್ಕೆ ಸಿಗುತ್ತಿಲ್ಲ.

ಸ್ಮಾರ್ಟ್ ಸ್ಪೀಕರಿನ ಸ್ಥಿತಿ ಬೇರೆ. ತನ್ನ ಹೆಸರು ಹಿಡಿದು ಯಾರಾದರೂ ಕರೆದಾರೇ ಎಂದು ಅದು ದಿನವಿಡೀ ಕಿವಿ ತೆರೆದಿರಬೇಕು. ಅದರ ಕೆಲಸವೇ ಅದು. ದೀಪ ಹಚ್ಚು, ಫ್ಯಾನ್ ಆರಿಸು, ಬಾಗಿಲು ಹಾಕಿದೆಯೇ ನೋಡು ಎಂದು ಮನೆಗೆ ಹೇಳಲು ಹಳೆಯ ಸ್ಥಿರ ದೂರವಾಣಿಯನ್ನೇ ಬಳಸಬಹುದು ಎಂದು ತಿಳಿದ ದಿನ ನನಗೆ ಆದ ಸಂತೋಷ ಹಳೆಯ ವಸ್ತುವಿನ ಮೋಹದಿಂದ ಹುಟ್ಟಿದ್ದಲ್ಲ. ಎತ್ತಿದರೆ ಕೇಳುತ್ತದೆ, ಇಟ್ಟರೆ ಕೇಳುವುದಿಲ್ಲ ಎಂಬ ಒಪ್ಪಂದ ಎಂಟು ವರ್ಷದ ಮಗುವಿಗೂ ಎಂಬತ್ತು ವರ್ಷದ ಅಜ್ಜಿಗೂ ವಿವರಿಸದೆಯೇ ಅರ್ಥವಾಗುತ್ತದೆ. ಇಂದಿನ ನನ್ನ ಮಾತೆಲ್ಲ ಈ ಒಪ್ಪಂದವನ್ನು ಕೆಡಿಸದೆ, ಕೈಗೂ ಉಪಕರಣಕ್ಕೂ ಅಪಾಯ ತಾರದೆ ಫೋನನ್ನು ಮನೆಗೆ ಹೇಗೆ ಜೋಡಿಸುವುದು ಎಂಬುದರ ಬಗ್ಗೆ.

ಮೊದಲು ತಂತಿ. ದೂರವಾಣಿಯ ತಂತಿಯಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಇರುವುದಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ಅರ್ಧ ನಿಜ, ಆ ಅರ್ಧವೇ ಅಪಾಯಕಾರಿ. ರಿಸೀವರ್ ಇಟ್ಟಿರುವಾಗ ಎರಡು ತಂತಿಗಳ ನಡುವೆ ಸುಮಾರು 48 ವೋಲ್ಟ್ ನೇರ ವಿದ್ಯುತ್ ಇರುತ್ತದೆ. ಅದು ಬರುವುದು ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ. ಅಲ್ಲಿ ಧನ ಧ್ರುವವನ್ನು ಭೂಮಿಗೆ ಕಟ್ಟಿರುತ್ತಾರೆ, ಆದ್ದರಿಂದ ಲೈನು ಭೂಮಿಗಿಂತ ಋಣ 48 ವೋಲ್ಟ್‌ನಲ್ಲಿ ಇರುತ್ತದೆ. ತೇವದ ನೆಲದಲ್ಲಿ ಹೂತ ತಾಮ್ರ ಸವೆಯುವುದು ಇದರಿಂದ ಕಡಿಮೆಯಾಗುತ್ತದೆ. ನೂರು ವರ್ಷ ಬಾಳಲಿ ಎಂದು ಯೋಚಿಸಿ ಕಟ್ಟಿದ ವ್ಯವಸ್ಥೆಯ ಗುರುತು ಇದು. ರಿಸೀವರ್ ಎತ್ತಿದ ಕೂಡಲೇ ಸುಮಾರು 20ರಿಂದ 40 ಮಿಲಿಆಂಪಿಯರ್ ಹರಿಯತೊಡಗುತ್ತದೆ, ಫೋನಿನ ತುದಿಯಲ್ಲಿ ವೋಲ್ಟೇಜು ಹತ್ತರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಎಕ್ಸ್‌ಚೇಂಜಿಗೆ "ಯಾರೋ ಎತ್ತಿದರು" ಎಂದು ತಿಳಿಯುವುದು ಈ ಪ್ರವಾಹದಿಂದಲೇ.

ಇಷ್ಟರವರೆಗೆ ಭಯಪಡುವಂಥದ್ದೇನಿಲ್ಲ. ಆದರೆ ಯಾರಾದರೂ ಕರೆ ಮಾಡಿದಾಗ ಅದೇ ತಂತಿಯ ಮೇಲೆ ಘಂಟೆ ಬಾರಿಸುವ ವಿದ್ಯುತ್ ಬರುತ್ತದೆ. ದೇಶಕ್ಕೆ ತಕ್ಕಂತೆ 75ರಿಂದ 90 ವೋಲ್ಟಿನ, ಸೆಕೆಂಡಿಗೆ 20 ಅಥವಾ 25 ಸಲ ಹಿಂದೆ ಮುಂದೆ ತೂಗಿ ಬರುವ ಪರ್ಯಾಯ ವಿದ್ಯುತ್ ಅದು. ಮೊದಲೇ ಇದ್ದ 48 ವೋಲ್ಟಿನ ಮೇಲೆ ಅದು ಏರಿ ಕುಳಿತಾಗ ಶಿಖರ 150 ವೋಲ್ಟನ್ನೂ ದಾಟಬಲ್ಲದು. ತಂತಿಯ ತುದಿಯನ್ನು ಹಲ್ಲಿನಿಂದ ಸುಲಿಯುತ್ತಿದ್ದ ಲೈನ್‌ಮನ್‌ಗಳಿಗೆ ಇದು ಪಾಠ ಕಲಿಸಿದೆ. ಬೆವರಿದ ಕೈಯಿಂದ ಬರಿಯ ತಂತಿ ಹಿಡಿದಿರುವಾಗ ಕರೆ ಬಂದರೆ ಕೈ ಜಾಡಿಸಿ ಹೋಗುತ್ತದೆ. ಏಣಿಯ ಮೇಲೆ ನಿಂತಿದ್ದರೆ ಆ ಜಾಡಿಸುವಿಕೆಯೇ ಸಾಕು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಕೆಲಸ ಮಾಡುವ ಮೊದಲು ಹೊರಗಿನ ಲೈನನ್ನು ಮನೆಯೊಳಗೆ ಬರುವ ಜಾಗದಲ್ಲೇ ಬಿಡಿಸುವುದು ಸರಿಯಾದ ಕ್ರಮ.

ಘಂಟೆಯ ಒಳಗಿನ ಜಾಣ್ಮೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ರಿಸೀವರ್ ಇಟ್ಟಾಗ ಮಾತಿನ ದಾರಿ ಕಡಿದುಹೋಗಿರುತ್ತದೆ, ಆದರೆ ಘಂಟೆ ಮಾತ್ರ ಲೈನಿಗೆ ಅಂಟಿಕೊಂಡೇ ಇರುತ್ತದೆ. ಅದರ ಸುರುಳಿಯ ಜೊತೆ ಒಂದು ಕೆಪಾಸಿಟರ್ ಸರಣಿಯಲ್ಲಿದೆ. ನೇರ ವಿದ್ಯುತ್ತಿಗೆ ಅದು ಮುಚ್ಚಿದ ಬಾಗಿಲು, ಪರ್ಯಾಯ ವಿದ್ಯುತ್ತಿಗೆ ತೆರೆದ ಬಾಗಿಲು. ಹೀಗೆ ಫೋನು ಕಿವುಡಾಗಿದ್ದರೂ ಕರೆದರೆ ಎಚ್ಚರಗೊಳ್ಳುತ್ತದೆ. ಒಂದು ತುಣುಕು ತಂತ್ರಾಂಶವೂ ಇಲ್ಲದೆ ಇದನ್ನು ಸಾಧಿಸಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಇನ್ನು ಅಪಾಯ ನಿಜವಾಗಿ ಹುಟ್ಟುವ ಜಾಗಕ್ಕೆ ಬರೋಣ. ಸ್ಮಾರ್ಟ್ ಮನೆಯ ಚಿಕ್ಕ ನಿಯಂತ್ರಕ ಫಲಕಗಳು, ಅಂದರೆ ಹವ್ಯಾಸಿಗಳು ಬಳಸುವ ಇಎಸ್‌ಪಿ32 ಮಾದರಿಯವು, 3.3 ವೋಲ್ಟಿನಲ್ಲಿ ಕೆಲಸ ಮಾಡುತ್ತವೆ. ಅಂಥ ಫಲಕದ ಕಾಲಿಗೆ, ಅಂದರೆ ಪಿನ್ನಿಗೆ, ದೂರವಾಣಿ ಲೈನನ್ನು ಒಂದೆರಡು ರೆಸಿಸ್ಟರ್ ಹಾಕಿ ನೇರವಾಗಿ ಕಟ್ಟಿದ ಚಿತ್ರಗಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕರೆ ಬಂದೊಡನೆ ಫಲಕ ಸುಟ್ಟುಹೋಗುವುದು ಸಣ್ಣ ಮಾತು. ಆ ಫಲಕಕ್ಕೆ ಗೋಡೆಯ ಚಾರ್ಜರಿನಿಂದ ವಿದ್ಯುತ್ ಬರುತ್ತಿರುತ್ತದೆ. ಚಾರ್ಜರ್ ಒಳಗೇ ಕೆಟ್ಟರೆ ಮನೆಯ ಮುಖ್ಯ ವಿದ್ಯುತ್ತಿಗೆ ದೂರವಾಣಿ ಲೈನಿನತ್ತ ದಾರಿ ಸಿಗುತ್ತದೆ. ಆಗ ಅಪಾಯಕ್ಕೆ ಸಿಲುಕುವವರು ನೀವಷ್ಟೇ ಅಲ್ಲ, ಎಲ್ಲೋ ಕಂಬ ಹತ್ತಿ ಅದೇ ತಂತಿಯನ್ನು ಬರಿಗೈಯಲ್ಲಿ ಹಿಡಿದಿರುವ ಕೆಲಸಗಾರರು ಕೂಡ. ನೀವು ಅವರ ಮುಖ ಕಂಡಿಲ್ಲ, ಅವರಿಗೆ ನಿಮ್ಮ ಪ್ರಯೋಗದ ಸುಳಿವಿಲ್ಲ. ಸಾರ್ವಜನಿಕ ಜಾಲಕ್ಕೆ ಅನುಮೋದಿತ ಉಪಕರಣವನ್ನಷ್ಟೇ ಜೋಡಿಸಬೇಕು ಎಂಬ ನಿಯಮ ಹುಟ್ಟಿದ್ದರ ಹಿಂದೆ ಈ ಕಾಳಜಿಯಿದೆ.

ಈ ನಿಯಮದ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಇದೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ದೂರವಾಣಿ ಕಂಪನಿಯದಲ್ಲದ ಯಾವ ವಸ್ತುವನ್ನೂ ಫೋನಿಗೆ ಜೋಡಿಸುವಂತಿರಲಿಲ್ಲ. ಥಾಮಸ್ ಕಾರ್ಟರ್ ಎಂಬವರು ಕಾರ್ಟರ್‌ಫೋನ್ ಎಂಬ ಸಾಧನ ಮಾಡಿದರು. ದೂರದ ಹೊಲಗದ್ದೆ, ತೈಲಬಾವಿಗಳಲ್ಲಿ ದ್ವಿಮುಖ ರೇಡಿಯೋ ಹಿಡಿದಿದ್ದವರು ದೂರವಾಣಿಯಲ್ಲಿ ಮಾತನಾಡಲು ಅದು ನೆರವಾಗುತ್ತಿತ್ತು. ರಿಸೀವರನ್ನು ಒಂದು ತೊಟ್ಟಿಲಿನಂಥ ಆಸನದಲ್ಲಿ ಮಲಗಿಸಿದರೆ ಸಾಕು, ಧ್ವನಿ ಆ ಕಡೆಯಿಂದ ಈ ಕಡೆಗೆ ದಾಟುತ್ತಿತ್ತು. ಲೈನಿಗೂ ರೇಡಿಯೋಗೂ ನಡುವೆ ತಂತಿಯ ಸಂಬಂಧವೇ ಇರಲಿಲ್ಲ. ಕಂಪನಿ ಆಕ್ಷೇಪಿಸಿತು, ವಿವಾದ ನಡೆಯಿತು, 1968ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಕಾರ್ಟರ್ ಪರ ತೀರ್ಪು ಕೊಟ್ಟಿತು. ಜಾಲಕ್ಕೆ ಹಾನಿ ಮಾಡದಿದ್ದರೆ ಗ್ರಾಹಕರು ತಮ್ಮ ಸಾಧನವನ್ನು ಬಳಸಬಹುದು ಎಂಬುದು ಅದರ ತಿರುಳು. ನಂತರ ಬಂದ ಉತ್ತರಿಸುವ ಯಂತ್ರ, ಮೋಡೆಮ್ ಎಲ್ಲಕ್ಕೂ ದಾರಿ ತೆರೆದದ್ದು ಆ ತೀರ್ಪು.

ತಂತಿ ಮುಟ್ಟದೆ ಜೋಡಿಸುವ ಕಾರ್ಟರ್ ಅವರ ಆ ಉಪಾಯ ಇಂದಿಗೂ ಅತ್ಯಂತ ಸುರಕ್ಷಿತ. ನಿಮ್ಮ ಲೈನು ಇನ್ನೂ ಜೀವಂತವಾಗಿದ್ದು, ಅದನ್ನು ಹಾಗೆಯೇ ಉಳಿಸಿಕೊಳ್ಳುವ ಆಸೆ ಇದ್ದರೆ ನಾನು ಮೊದಲು ಸೂಚಿಸುವುದು ಇದನ್ನೇ. ಫೋನಿನ ಹೊರಮೈಗೆ ಬ್ಯಾಟರಿಯಿಂದ ನಡೆಯುವ ಒಂದು ಚಿಕ್ಕ ಕಂಪನ ಸಂವೇದಕವನ್ನು ಅಂಟಿಸಿ. ಘಂಟೆ ಬಾರಿಸಿದರೆ ಅದಕ್ಕೆ ತಿಳಿಯುತ್ತದೆ, ಅದು ಮನೆಯ ಕೇಂದ್ರಕ್ಕೆ, ಅಂದರೆ ಮನೆಯ ಸ್ಮಾರ್ಟ್ ಸಾಧನಗಳನ್ನೆಲ್ಲ ನಡೆಸುವ ಕಂಪ್ಯೂಟರಿಗೆ, ತಿಳಿಸುತ್ತದೆ, ಕೋಣೆಯ ದೀಪ ಮಿಣುಕುತ್ತದೆ. ಕಿವಿ ಮಂದವಾದವರಿರುವ ಮನೆಯಲ್ಲಿ ಇದು ಎಷ್ಟು ದೊಡ್ಡ ಉಪಕಾರ ಎಂಬುದನ್ನು ಕಂಡವರೇ ಬಲ್ಲರು. ಇನ್ನೊಂದು: ಬಾಗಿಲಿಗೆ ಹಾಕುವ ಅಯಸ್ಕಾಂತದ ಸಂವೇದಕ ಇದೆಯಲ್ಲ, ಅದರ ಒಂದು ಭಾಗವನ್ನು ಫೋನಿನ ಮೈಗೂ ಇನ್ನೊಂದನ್ನು ರಿಸೀವರಿಗೂ ಅಂಟಿಸಿದರೆ ಎತ್ತಿದ್ದು, ಇಟ್ಟದ್ದು ಎರಡೂ ತಿಳಿಯುತ್ತವೆ. ರಿಸೀವರ್ ಎತ್ತಿದೊಡನೆ ಟಿವಿಯ ಸದ್ದು ತಗ್ಗಬೇಕು ಎಂದರೆ ಇಷ್ಟು ಸಾಕು. ಲೈನಿನ ಒಂದು ತಿರುಪನ್ನೂ ಬಿಚ್ಚಬೇಕಾಗಿಲ್ಲ.

ಆದರೆ ಫೋನಿನ ಮೂಲಕ ಮನೆಯೊಡನೆ ಮಾತನಾಡಬೇಕಾದರೆ ಇಷ್ಟು ಸಾಲದು. ಆಗ ನನ್ನ ಸ್ಪಷ್ಟ ಸಲಹೆ: ಫೋನನ್ನು ಹೊರಗಿನ ಲೈನಿನಿಂದ ಪೂರ್ತಿಯಾಗಿ ಬಿಡಿಸಿ, ದೂರವಾಣಿ ಅಡಾಪ್ಟರಿಗೆ ಜೋಡಿಸಿ. ಎಟಿಎ ಎಂದು ಕರೆಯುವ ಅಂಗೈ ಅಗಲದ ಪೆಟ್ಟಿಗೆ ಅದು. ಒಂದು ಕಡೆ ಫೋನಿನ ಸಾಕೆಟ್, ಇನ್ನೊಂದು ಕಡೆ ನೆಟ್‌ವರ್ಕ್ ಸಾಕೆಟ್. ಫೋನಿನ ಪಾಲಿಗೆ ಅದು ಒಂದು ಪುಟ್ಟ ಎಕ್ಸ್‌ಚೇಂಜ್: 48 ವೋಲ್ಟಿನ ಸುಮಾರಿನ ವಿದ್ಯುತ್ ಕೊಡುತ್ತದೆ, ಡಯಲ್ ಟೋನ್ ಕೊಡುತ್ತದೆ, ಘಂಟೆ ಬಾರಿಸುತ್ತದೆ. ಮಾತನ್ನು ಸೆಕೆಂಡಿಗೆ 8000 ಸಲ ಅಳೆದು ಅಂಕಿಗಳಾಗಿ ಮಾಡಿ ಮನೆಯ ನೆಟ್‌ವರ್ಕಿಗೆ ಕಳುಹಿಸುತ್ತದೆ.

ಕೊಳ್ಳುವಾಗ ಎರಡು ಹೆಸರು ನಿಮ್ಮನ್ನು ಗೊಂದಲಕ್ಕೆ ಕೆಡವುತ್ತವೆ: ಎಫ್‌ಎಕ್ಸ್‌ಎಸ್ ಮತ್ತು ಎಫ್‌ಎಕ್ಸ್‌ಒ. ಎಫ್‌ಎಕ್ಸ್‌ಎಸ್ ಸಾಕೆಟ್ ವಿದ್ಯುತ್ ಕೊಡುತ್ತದೆ, ಅದಕ್ಕೆ ಫೋನನ್ನು ಸಿಕ್ಕಿಸಬೇಕು. ಎಫ್‌ಎಕ್ಸ್‌ಒ ಸಾಕೆಟ್ ತಾನೇ ಒಂದು ಫೋನಿನಂತೆ ನಡೆದುಕೊಳ್ಳುತ್ತದೆ, ಅದಕ್ಕೆ ಎಕ್ಸ್‌ಚೇಂಜಿನಿಂದ ಬರುವ ಲೈನನ್ನು ಸಿಕ್ಕಿಸಬೇಕು. ಎರಡಕ್ಕೂ ಒಂದೇ ಆಕಾರದ ತೂತು, ಒಂದೇ ಪ್ಲಗ್. ಕೊಡುವ ತುದಿಗೆ ಇನ್ನೊಂದು ಕೊಡುವ ತುದಿ ಎದುರಾಗಬಾರದು.

ಅದು ಎದುರಾದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಮನೆಯ ಮೂರು ಕೋಣೆಗಳಲ್ಲಿದ್ದ ಹಳೆಯ ಸಾಕೆಟ್ಟುಗಳೆಲ್ಲ ಅಡಾಪ್ಟರಿನಿಂದಲೇ ಜೀವ ಪಡೆಯಲಿ ಎಂದು ಅಡಾಪ್ಟರಿನ ಫೋನ್ ಸಾಕೆಟ್ಟಿನಿಂದ ಒಂದು ತಂತಿ ಎಳೆದು ಗೋಡೆಯ ಸಾಕೆಟ್ಟಿಗೆ ಚುಚ್ಚಿದೆ. ಹಳೆಯ ಸಂಪರ್ಕ ನಿಂತು ತಿಂಗಳುಗಳಾಗಿವೆ, ಲೈನು ಸತ್ತಿದೆ ಎಂದು ನಂಬಿದ್ದೆ, ಅಳೆದು ನೋಡಿರಲಿಲ್ಲ. ಸಂಪರ್ಕ ನಿಂತಿತ್ತು, ಆದರೆ ಬ್ಯಾಟರಿಯ ವೋಲ್ಟೇಜು ತಂತಿಯಲ್ಲಿ ಹಾಗೆಯೇ ಇತ್ತು. ಅಡಾಪ್ಟರಿನ ದೀಪ ಆರಿತು, ಮತ್ತೆ ಹತ್ತಲಿಲ್ಲ. ಫೋನಿಗೆ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ. ಆದರೆ "ಬಿಲ್ಲು ಕಟ್ಟುತ್ತಿಲ್ಲ, ಹಾಗಾಗಿ ತಂತಿಯಲ್ಲಿ ಏನೂ ಇಲ್ಲ" ಎಂಬ ಲೆಕ್ಕ ತಪ್ಪು ಎಂದು ಅಂದು ಮನವರಿಕೆಯಾಯಿತು. ಗೋಡೆಯೊಳಗಿನ ಹಳೆಯ ತಂತಿಗಳನ್ನು ಬಳಸಲೇಬೇಕೆಂದರೆ ಹೊರಗಿನ ಜೋಡಿಯನ್ನು ಪ್ರವೇಶದ ಪೆಟ್ಟಿಗೆಯಲ್ಲೇ ಬಿಡಿಸಿ, ತುದಿಗಳನ್ನು ಬೇರೆ ಬೇರೆಯಾಗಿ ಮುಚ್ಚಿ, ಮೀಟರಿನಿಂದ ಅಳೆದು, "ಇದನ್ನು ಮತ್ತೆ ಜೋಡಿಸಬೇಡಿ" ಎಂದು ಚೀಟಿ ಕಟ್ಟಿ. ಪ್ರವೇಶದ ಪೆಟ್ಟಿಗೆ ಕಂಪನಿಯ ಸ್ವತ್ತಾಗಿದ್ದರೆ ಅವರನ್ನೇ ಕರೆಸಿ. ಲೈನಿನ ಮೇಲೆಯೇ ಇಂಟರ್‌ನೆಟ್ ಬರುತ್ತಿರುವ ಮನೆಗಳಲ್ಲಿ ಈ ಕೆಲಸವನ್ನು ಇನ್ನೂ ಎಚ್ಚರದಿಂದ ಮಾಡಬೇಕು. ಬಿಡಿಸಿದ್ದು ತಪ್ಪಾದರೆ ಇಂಟರ್‌ನೆಟ್ಟೂ ಹೋಗುತ್ತದೆ.

ಸಿಡಿಲಿನ ಬಗ್ಗೆ ಎರಡೇ ಮಾತು. ಹೊರಗಿನಿಂದ ತಾಮ್ರದ ತಂತಿ ಬರುತ್ತಿದ್ದರೆ ಮನೆಯ ಪ್ರವೇಶದಲ್ಲಿ ಅನಿಲ ತುಂಬಿದ ರಕ್ಷಕ ಇರಬೇಕು, ಅದು ಮನೆಯ ಭೂಸಂಪರ್ಕಕ್ಕೇ ಸೇರಿರಬೇಕು. ಸಿಡಿಲಿನ ಹೊತ್ತಿನಲ್ಲಿ ಅಂಥ ಲೈನಿನ ತಂತಿಯುಳ್ಳ ಫೋನನ್ನು ಕಿವಿಗೆ ಹಿಡಿಯಬಾರದು.

ಅಡಾಪ್ಟರಿಗೆ ಸಿಕ್ಕಿಸಿದ ಮೇಲೆ ಹಳೆಯ ಫೋನು ಸುಮ್ಮನೆ ಕೆಲಸ ಮಾಡುತ್ತದೆಯೇ? ಕೆಲವೊಮ್ಮೆ. ಮಾಡದಿದ್ದಾಗ ಕಾರಣಗಳು ಬಹುಪಾಲು ಮೂರೇ ಬಗೆಯವು, ಮೂರೂ ಕುತೂಹಲಕರ. ಘಂಟೆ ಬಾರಿಸುವುದಿಲ್ಲ ಎನ್ನುವವರೇ ಹೆಚ್ಚು. ಲೋಹದ ಘಂಟೆಗೆ ಬಲ ಬೇಕು. ಪುಟ್ಟ ಅಡಾಪ್ಟರ್ ಎಕ್ಸ್‌ಚೇಂಜಿನಷ್ಟು ಬಲ ಕೊಡಲಾರದು. ಎಷ್ಟು ಘಂಟೆಗಳ ಹೊರೆ ಹೊರಬಲ್ಲದು ಎಂಬುದನ್ನು ಆರ್‌ಇಎನ್ ಎಂಬ ಅಂಕಿಯಲ್ಲಿ ಅದರ ಕೈಪಿಡಿ ಹೇಳುತ್ತದೆ. ಮೂರು ಹಳೆಯ ಫೋನುಗಳನ್ನು ಒಂದೇ ಸಾಕೆಟ್ಟಿಗೆ ಕಟ್ಟಿದರೆ ಯಾವುದೂ ಬಾರಿಸದೆ ಇರಬಹುದು. ಘಂಟೆಯ ಆವರ್ತನವನ್ನು 20ರಿಂದ 25 ಹರ್ಟ್ಸ್‌ಗೆ ಬದಲಿಸಿದರೆ ಕೆಲವು ಫೋನುಗಳು ಒಮ್ಮೆಲೇ ಚುರುಕಾಗುತ್ತವೆ. ಬ್ರಿಟನ್ನಿನ ಮಾದರಿಯ ಕೆಲವು ಫೋನುಗಳಲ್ಲಿ ನಾನು ಆಗ ಹೇಳಿದ ಕೆಪಾಸಿಟರ್ ಫೋನಿನಲ್ಲಿ ಇರದೆ ಗೋಡೆಯ ಮುಖ್ಯ ಸಾಕೆಟ್ಟಿನಲ್ಲಿ ಇರುತ್ತದೆ; ಅಂಥದ್ದಕ್ಕೆ ಕೆಪಾಸಿಟರ್ ಇರುವ ಪರಿವರ್ತಕ ಪ್ಲಗ್ ಹಾಕಿದರೆ ಘಂಟೆ ಮರಳುತ್ತದೆ.

ಎರಡನೆಯದು ತಿರುಗುವ ಡಯಲ್. ಬೆರಳಿಟ್ಟು ತಿರುಗಿಸಿ ಬಿಟ್ಟಾಗ ಡಯಲ್ ವಾಪಸು ಬರುತ್ತಾ ಲೈನನ್ನು ಕಡಿದು ಕಡಿದು ಜೋಡಿಸುತ್ತದೆ, ಸೆಕೆಂಡಿಗೆ ಸುಮಾರು 10 ಸಲ. 3ಕ್ಕೆ ಮೂರು ಕಡಿತ, ಸೊನ್ನೆಗೆ ಸಾಮಾನ್ಯವಾಗಿ ಹತ್ತು. ಒತ್ತುವ ಗುಂಡಿಗಳ ಫೋನು 1963ರಲ್ಲಿ ಬಳಕೆಗೆ ಬಂದ ಮೇಲೆ ಒಂದೊಂದು ಅಂಕಿಗೆ ಎರಡೆರಡು ಸ್ವರಗಳು ಬಂದವು. ಇಂದಿನ ಅನೇಕ ಅಡಾಪ್ಟರುಗಳಿಗೆ ಸ್ವರ ಮಾತ್ರ ಅರ್ಥವಾಗುತ್ತದೆ, ಕಡಿತ ಅರ್ಥವಾಗುವುದಿಲ್ಲ. ಕೊಳ್ಳುವ ಮೊದಲು ಪಲ್ಸ್ ಡಯಲಿಂಗ್ ಗುರುತಿಸುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಇಲ್ಲದಿದ್ದರೆ ಕಡಿತವನ್ನು ಸ್ವರವಾಗಿಸುವ ಪುಟ್ಟ ಪರಿವರ್ತಕ ಬೇಕಾಗುತ್ತದೆ.

ಮೂರನೆಯದು ಮಾತಿನ ಮಸುಕು. ಹಳೆಯ ಫೋನಿನ ಬಾಯಲ್ಲಿ ಇಂಗಾಲದ ಕಾಳುಗಳಿರುತ್ತವೆ. ಧ್ವನಿ ಅವುಗಳನ್ನು ಒತ್ತಿದಾಗ ವಿದ್ಯುತ್ ಹೆಚ್ಚು ಹರಿಯುತ್ತದೆ, ಸಡಿಲಿಸಿದಾಗ ಕಡಿಮೆ. ವರ್ಷಗಟ್ಟಲೆ ಕುಳಿತಲ್ಲೇ ಕುಳಿತರೆ ಕಾಳುಗಳು ಗಂಟು ಕಟ್ಟುತ್ತವೆ. ರಿಸೀವರನ್ನು ಅಂಗೈಗೆ ಮೆಲ್ಲಗೆ ತಟ್ಟಿದರೆ ಅವು ಸಡಿಲವಾಗುತ್ತವೆ, ದನಿ ತಿಳಿಯಾಗುತ್ತದೆ. ಹಾಗಿದ್ದರೂ ದೂರವಾಣಿ ಸಾಗಿಸುವುದು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. ಸಕಾರದ ಸುಯ್ಯೆನ್ನುವ ಸದ್ದಿನ ಬಹುಪಾಲು ಅದಕ್ಕಿಂತ ಮೇಲಿದೆ. ಆದ್ದರಿಂದ ಮಾತು ಗುರುತಿಸುವ ತಂತ್ರಾಂಶಕ್ಕೆ ಫೋನಿನಲ್ಲಿ ಹೇಳಿದ "ಸ"ವೂ "ಶ"ವೂ "ಫ"ವೂ ಒಂದನ್ನೊಂದು ಹೋಲುತ್ತವೆ. ಕೋಣೆಗಳಿಗೆ, ದೀಪಗಳಿಗೆ ಹೆಸರಿಡುವಾಗ ಇದನ್ನು ನೆನಪಿಡಿ. ದೂರದೂರದ ಸದ್ದಿನ ಹೆಸರುಗಳನ್ನು ಕೊಡಿ: ಅಡುಗೆಮನೆ, ಮಹಡಿ, ಜಗಲಿ. ಇವು ಒಂದರಂತೆ ಇನ್ನೊಂದು ಕೇಳಿಸುವುದಿಲ್ಲ.

ಈಗ ಅಡಾಪ್ಟರಿನ ಇನ್ನೊಂದು ತುದಿ. ವಿದ್ಯುತ್ತಿನ ಅಪಾಯ ದಾಟಿದ ಮೇಲೆ ಜಾಲದ ಅಪಾಯ ಆರಂಭವಾಗುತ್ತದೆ. ಅಲ್ಲಿ ಶಾಕ್ ಹೊಡೆಯುವುದಿಲ್ಲ, ಹಾಗಾಗಿ ಎಚ್ಚರವೂ ಆಗುವುದಿಲ್ಲ. ಅಡಾಪ್ಟರುಗಳು ಮಾತನಾಡುವ ಭಾಷೆಯ ಹೆಸರು ಸಿಪ್. ಅದರ ರೂಢಿಯ ದ್ವಾರ, ಅಂದರೆ ಪೋರ್ಟ್, 5060. ಈ ದ್ವಾರವನ್ನು ನಿಮ್ಮ ರೂಟರಿನಲ್ಲಿ ಇಂಟರ್‌ನೆಟ್ಟಿಗೆ ತೆರೆದಿಟ್ಟರೆ ಅದನ್ನೇ ಹುಡುಕುತ್ತಾ ಸುತ್ತುವ ಯಂತ್ರಗಳು ಬೇಗನೆ ಬಂದು ಬಾಗಿಲು ತಟ್ಟುತ್ತವೆ. ಪಾಸ್‌ವರ್ಡು ಕಾರ್ಖಾನೆಯಲ್ಲಿ ಇಟ್ಟದ್ದೇ ಆಗಿದ್ದರೆ ಒಳಗೂ ಬರುತ್ತವೆ. ನಿಮ್ಮ ಅಡಾಪ್ಟರಿಗೆ ಹೊರಗಿನ ಕರೆಯ ಖಾತೆಯೂ ಇದ್ದರೆ ನಡುರಾತ್ರಿಯಲ್ಲಿ ದುಬಾರಿ ವಿದೇಶಿ ಸಂಖ್ಯೆಗಳಿಗೆ ಕರೆ ಹೋಗುತ್ತವೆ, ಬಿಲ್ಲು ನಿಮಗೆ ಬರುತ್ತದೆ. ಇದು ಕಚೇರಿಗಳ ದೂರವಾಣಿ ವ್ಯವಸ್ಥೆಗಳನ್ನು ಬಹುಕಾಲದಿಂದ ಕಾಡುತ್ತಿರುವ ಹಳೆಯ ವಂಚನೆ.

ಮನೆಗೆ ಮಾತ್ರ ಮಾತನಾಡುವ ಫೋನಿಗೆ ಹೊರಗಿನ ದಾರಿಯೇ ಬೇಡ. 2023ರಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ ಈ ಸೌಲಭ್ಯವನ್ನು ಸೇರಿಸಿತು. ಹಳೆಯ ಫೋನನ್ನು ಅಡಾಪ್ಟರಿನ ಮೂಲಕ ಮನೆಯ ಕೇಂದ್ರಕ್ಕೇ ಜೋಡಿಸಿ, ರಿಸೀವರ್ ಎತ್ತಿ ಆಜ್ಞೆ ಹೇಳುವ ಸೌಲಭ್ಯ ಅದು. ಮಾತನ್ನು ಅಕ್ಷರವಾಗಿಸುವ ವಿಸ್ಪರ್, ಅಕ್ಷರವನ್ನು ಮಾತಾಗಿಸುವ ಪೈಪರ್ ಎರಡೂ ಮನೆಯ ಯಂತ್ರದಲ್ಲೇ ನಡೆಯಬಲ್ಲವು. ವಿಸ್ಪರಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಆದರೆ ಪುಟ್ಟ ಯಂತ್ರದಲ್ಲಿ ನಡೆಯುವ ಚಿಕ್ಕ ಮಾದರಿಗಳು ಹೆಚ್ಚು ತಪ್ಪುತ್ತವೆ. ಅದಕ್ಕೆ ಬಲವಾದ ಯಂತ್ರ ಬೇಕು. ಹೊಸ ಫೋನಿನಿಂದ ಬಂದ ಮೊದಲ ಕರೆಯನ್ನು ಹೋಮ್ ಅಸಿಸ್ಟೆಂಟ್ ತಾನಾಗಿ ಒಪ್ಪಿಕೊಳ್ಳುವುದಿಲ್ಲ, ಮನೆಯವರು ಅನುಮತಿ ಕೊಡಬೇಕು. ಈ ಎಚ್ಚರ ನನಗೆ ಮೆಚ್ಚುಗೆಯಾಯಿತು.

ತಿರುಗುವ ಡಯಲಿನಲ್ಲಿ ನಕ್ಷತ್ರದ ಗುಂಡಿ ಇಲ್ಲವಲ್ಲ, ಕೇಂದ್ರದ ವಿಳಾಸವನ್ನು ಒತ್ತುವುದು ಹೇಗೆ ಎಂದು ಕೇಳಬಹುದು. ಒತ್ತಬೇಕಾಗಿಲ್ಲ. ರಿಸೀವರ್ ಎತ್ತಿದೊಡನೆ ಒಂದು ನಿಗದಿತ ವಿಳಾಸಕ್ಕೆ ಕರೆ ಹೋಗುವಂತೆ ಅಡಾಪ್ಟರಿನಲ್ಲೇ ಹೊಂದಿಸಬಹುದು. ಎತ್ತಿದರೆ ಮನೆ "ಹೇಳಿ" ಎನ್ನುತ್ತದೆ. ಅದಕ್ಕಾಗಿ ಮನೆಯ ಕೇಂದ್ರದ ವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಿ. ಅಡಾಪ್ಟರಿನ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಫರ್ಮ್‌ವೇರನ್ನು ಹೊಸದಾಗಿಸಿ, ದೂರದಿಂದ ನಿರ್ವಹಿಸುವ ಸೌಲಭ್ಯವನ್ನು ಮುಚ್ಚಿ. ಮನೆಯೊಳಗಿನ ಈ ಕರೆ ಸಾಮಾನ್ಯವಾಗಿ ಗೂಢಲಿಪಿಯಿಲ್ಲದೆ ಹರಿಯುತ್ತದೆ, ಅದೇ ನೆಟ್‌ವರ್ಕಿನಲ್ಲಿರುವ ಯಾವ ಸಾಧನವಾದರೂ ಇಣುಕಬಹುದು. ನಿಮ್ಮ ರೂಟರಿಗೆ ಸಾಧ್ಯವಿದ್ದರೆ ಅಡಾಪ್ಟರನ್ನು ಪ್ರತ್ಯೇಕ ಉಪಜಾಲದಲ್ಲಿಟ್ಟು, ಅಲ್ಲಿಂದ ಮನೆಯ ಕೇಂದ್ರಕ್ಕೆ ಮಾತ್ರ ದಾರಿ ಬಿಡಿ.

ಫೋನಿಗೆ ಯಾವ ಅಧಿಕಾರ ಕೊಡಬೇಕು? ದೀಪ, ಫ್ಯಾನ್, ಪರದೆ, ಹವಾಮಾನ, ಗಡಿಯಾರ, ಇವೆಲ್ಲ ಸರಿ. ಬಾಗಿಲಿನ ಬೀಗ ಹಾಕಿದೆಯೇ ಎಂದು ಕೇಳಲು ಬಿಡಿ, ತೆರೆಯಲು ಬಿಡಬೇಡಿ. ಫೋನಿಗೆ ಮಾತು ಯಾರದು ಎಂದು ತಿಳಿಯುವುದಿಲ್ಲ. ಕಿಟಕಿಯಿಂದ ಕೈ ಚಾಚಿ ರಿಸೀವರ್ ಎತ್ತಿದವರ ಮಾತನ್ನೂ ಅದು ಮನೆಯವರ ಮಾತಿನಷ್ಟೇ ವಿಧೇಯವಾಗಿ ಕೇಳುತ್ತದೆ. ಹೊರಗಿನಿಂದ ಬಂದ ಕರೆಯ ಸಂಖ್ಯೆಯನ್ನು ನಂಬಿ ಬಾಗಿಲು ತೆರೆಯುವ ವ್ಯವಸ್ಥೆಯನ್ನಂತೂ ಎಂದಿಗೂ ಕಟ್ಟಬೇಡಿ, ಆ ಸಂಖ್ಯೆಯನ್ನು ಸುಳ್ಳಾಗಿ ತೋರಿಸುವುದು ಸುಲಭ. ಅನಿಲದ ಒಲೆ, ನೀರು ಕಾಯಿಸುವ ಹೀಟರ್ ಇವುಗಳನ್ನು ಆರಿಸಲು ಅನುಮತಿ ಇರಲಿ, ಹಚ್ಚಲು ಬೇಡ. ಒಂದು ಮಾತು ತಪ್ಪಾಗಿ ಕೇಳಿಸಿದರೆ ಯಾವ ದಿಕ್ಕಿನ ತಪ್ಪು ಸಹ್ಯ ಎಂದು ಯೋಚಿಸಿದರೆ ಸಾಕು, ಉತ್ತರ ತಾನಾಗಿ ಸಿಗುತ್ತದೆ.

ಈಗ ನಾನು ಅತಿ ಹೆಚ್ಚು ಕಾಳಜಿಯಿಂದ ಹೇಳಬೇಕಾದ ವಿಷಯ. ಹಳೆಯ ಲೈನು ವಿದ್ಯುತ್ ಹೋದಾಗಲೂ ಬದುಕಿರುತ್ತಿತ್ತು, ಏಕೆಂದರೆ ಅದರ ವಿದ್ಯುತ್ ನಿಮ್ಮ ಮನೆಯದಾಗಿರಲಿಲ್ಲ. ಅಡಾಪ್ಟರಿಗೆ ಜೋಡಿಸಿದ ಫೋನು ವಿದ್ಯುತ್ ಹೋದ ಕ್ಷಣ ಸಾಯುತ್ತದೆ. ಆಕಾರ ಅದೇ, ಘಂಟೆ ಅದೇ, ಆದರೆ ಆಪತ್ತಿನಲ್ಲಿ ಅದನ್ನು ಎತ್ತಿದವರಿಗೆ ಸಿಗುವುದು ಮೌನ. ಮನೆಗೆ ಮಾತ್ರ ಮಾತನಾಡುವಂತೆ ಹೊಂದಿಸಿದ್ದರೆ ವಿದ್ಯುತ್ ಇದ್ದರೂ ಅದರಿಂದ ತುರ್ತು ಸೇವೆಗೆ ಕರೆ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ ಹಳೆಯ ತಾಮ್ರದ ಲೈನುಗಳಿಂದ ಡಿಜಿಟಲ್ ಸೇವೆಗೆ ಜನರನ್ನು ವರ್ಗಾಯಿಸುವಾಗ, ಒಂಟಿಯಾಗಿರುವ ವೃದ್ಧರು ಆಪತ್ತಿನಲ್ಲಿ ಒತ್ತುವ ಸಾಧನಗಳು ಕೈಕೊಟ್ಟು ಗಂಭೀರ ಘಟನೆಗಳು ನಡೆದವು. 2023ರ ಡಿಸೆಂಬರಿನಲ್ಲಿ ಅಲ್ಲಿನ ಕಂಪನಿಗಳು ಬಲವಂತದ ವರ್ಗಾವಣೆಯನ್ನು ನಿಲ್ಲಿಸಲು ಒಪ್ಪಿದವು. ದೊಡ್ಡ ಕಂಪನಿಗಳೇ ಎಡವಿದ ಜಾಗ ಇದು. ನಿಮ್ಮ ಮನೆಯ ಲೈನಿಗೆ ಕಳ್ಳರ ಎಚ್ಚರಿಕೆ ಘಂಟೆ, ವೈದ್ಯಕೀಯ ಗುಂಡಿ, ಲಿಫ್ಟಿನ ಫೋನು ಇಂಥ ಯಾವುದಾದರೂ ಕಟ್ಟಿದ್ದರೆ ಆ ಲೈನನ್ನು ಮುಟ್ಟಬೇಡಿ. ಇಲ್ಲದಿದ್ದರೂ ಅಡಾಪ್ಟರ್, ರೂಟರ್, ಕೇಂದ್ರ ಮೂರಕ್ಕೂ ಯುಪಿಎಸ್ ಹಾಕಿ. ಫೋನಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ: "ಇದು ಮನೆಗೆ ಮಾತ್ರ. ತುರ್ತು ಕರೆಗೆ ಮೊಬೈಲ್ ಬಳಸಿ." ಚಂದದ ಕಪ್ಪು ಫೋನಿನ ಮೇಲೆ ಚೀಟಿ ಅಂಟಿಸಲು ಮನಸ್ಸು ಬಾರದು, ನನಗೂ ಬಂದಿರಲಿಲ್ಲ. ಆದರೂ ಅಂಟಿಸಿದ್ದೇನೆ, ನಿಮಗೆ ಕಾಣುತ್ತಿದೆ.

ಮಾತು ಮುಗಿದ ಮೇಲೆ ಸಭೆಯಿಂದ ಕೆಲವು ಪ್ರಶ್ನೆಗಳು ಬಂದವು. ಮನೆಯೇ ನಮಗೆ ಕರೆ ಮಾಡಬಹುದೇ ಎಂದು ಒಬ್ಬರು ಕೇಳಿದರು. ಮಾಡಬಹುದು. ಹೋಮ್ ಅಸಿಸ್ಟೆಂಟಿನ ಇತ್ತೀಚಿನ ಆವೃತ್ತಿಗಳಲ್ಲಿ ಕೇಂದ್ರವೇ ಫೋನಿನ ಘಂಟೆ ಬಾರಿಸಿ, ಎತ್ತಿದವರಿಗೆ ವಿಷಯ ಹೇಳಬಲ್ಲದು. ನೀರಿನ ತೊಟ್ಟಿ ತುಂಬಿ ಹರಿಯುತ್ತಿದೆ ಎಂದು ಮೊಬೈಲಿನಲ್ಲಿ ಬರುವ ಸಂದೇಶ ಇತರ ನಲವತ್ತು ಸಂದೇಶಗಳ ನಡುವೆ ಕಳೆದುಹೋಗುತ್ತದೆ. ಲೋಹದ ಘಂಟೆ ಕಳೆದುಹೋಗುವುದಿಲ್ಲ. ಆದರೆ ಅದನ್ನು ನಿಜವಾಗಿ ಮುಖ್ಯವಾದ ಒಂದೆರಡು ವಿಷಯಗಳಿಗೆ ಮೀಸಲಿಡಿ.

ಹಳೆಯ ಫೋನನ್ನು ಬಿಚ್ಚಿ ಒಳಗೇ ಹೊಸ ಫಲಕ ಅಳವಡಿಸಿದರೆ ಅಡಾಪ್ಟರಿನ ಖರ್ಚು ಉಳಿಯುವುದಿಲ್ಲವೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದನು. ಲೈನಿನಿಂದ ಪೂರ್ತಿ ಬಿಡಿಸಿದ ಫೋನಿನಲ್ಲಿ, ಕಡಿಮೆ ವೋಲ್ಟೇಜಿನ ಬ್ಯಾಟರಿಯಿಂದ ಹಾಗೆ ಮಾಡುವುದು ಅಪಾಯಕಾರಿಯಲ್ಲ, ಕಲಿಯಲು ಒಳ್ಳೆಯ ದಾರಿ. ಆದರೆ ಹೊಸ ಮೈಕ್ರೋಫೋನನ್ನು ಫಲಕಕ್ಕೆ ನೇರವಾಗಿ ಕಟ್ಟಿ, ಕೊಕ್ಕೆಯ, ಅಂದರೆ ರಿಸೀವರಿನ ಭಾರಕ್ಕೆ ತಗ್ಗುವ ಆ ಗುಂಡಿಗಳ, ಸ್ಥಿತಿಯನ್ನು ಬರಿಯ ಸೂಚನೆಯಾಗಿ ಓದಿಕೊಂಡರೆ ಇಟ್ಟ ಫೋನಿಗೂ ಕಿವಿ ಬರುತ್ತದೆ. ತಂತ್ರಾಂಶ ಕೇಳಬಾರದು ಎಂದುಕೊಂಡಷ್ಟು ಹೊತ್ತು ಮಾತ್ರ ಅದು ಕೇಳದಿರುತ್ತದೆ. ಮೈಕ್ರೋಫೋನಿನ ವಿದ್ಯುತ್ ಕೊಕ್ಕೆಯ ಪಟ್ಟಿಗಳ ಮೂಲಕವೇ ಹಾದುಹೋಗುವಂತೆ ಕಟ್ಟು ಎಂದು ಅವನಿಗೆ ಹೇಳಿದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರದು: "ಇಟ್ಟಾಗ ಕೇಳುವುದಿಲ್ಲ ಎಂದು ನೀವು ಹೇಳುತ್ತೀರಿ. ನಾನು ನಂಬುವುದು ಹೇಗೆ?" ಇಡೀ ಸಂಜೆಯ ಅತ್ಯುತ್ತಮ ಪ್ರಶ್ನೆ ಅದು. ನಂಬಬೇಕಾಗಿಲ್ಲ, ಅಳೆಯಬಹುದು. ಫೋನನ್ನು ಅಡಾಪ್ಟರಿನಿಂದ ಕಳಚಿ, ಅದರ ಎರಡು ತಂತಿಗಳಿಗೆ ಮಲ್ಟಿಮೀಟರನ್ನು ಓಮ್ ಅಳತೆಯಲ್ಲಿಟ್ಟು ಹಿಡಿದು ತೋರಿಸಿದೆ. ರಿಸೀವರ್ ಇಟ್ಟಾಗ ಮೀಟರು ದಾರಿಯೇ ಇಲ್ಲ ಎಂದು ತೋರಿಸಿತು. ಎತ್ತಿದಾಗ ಕೆಲವು ನೂರು ಓಮ್. ರಿಸೀವರಿನಲ್ಲಿ ಉಸಿರು ಬಿಟ್ಟರೆ ಅಂಕಿಗಳು ಅಲುಗಾಡುತ್ತಿದ್ದವು, ಇಂಗಾಲದ ಕಾಳುಗಳು ಮಿಸುಕುತ್ತಿದ್ದವು. ಅವರು ವೇದಿಕೆಗೆ ಬಂದರು, ಮೀಟರಿನ ಕಡ್ಡಿಗಳನ್ನು ತಾವೇ ಹಿಡಿದುಕೊಂಡರು, ನನ್ನನ್ನು ರಿಸೀವರ್ ಎತ್ತಲು ಹೇಳಿದರು, ಇಡಲು ಹೇಳಿದರು, ಮತ್ತೊಮ್ಮೆ ಎತ್ತಲು ಹೇಳಿದರು.